ಕೊನೆಯ ಓವರ್‌ಗೆ ಮುಂಚೆ ಏಳುವವರು

ನಮ್ಮೂರು ಅಲೀಪುರದಲ್ಲಿ ಭಾನುವಾರ ಬೆಳಗ್ಗೆ ಟೀ ಅಂಗಡಿ ಮುಂದೆ ನಿಂತರೆ ಕ್ರಿಕೆಟ್ ಬಿಟ್ಟು ಬೇರೆ ಮಾತು ಕಿವಿಗೆ ಬೀಳೋದು ಕಡಿಮೆ. ಕಣ್ಣಿಗೆ ಬೀಳೋದೂ ಕಡಿಮೆ! ಯಾಕೆ ಹೀಗೆ ಹೇಳ್ತಿದೀನಿ ಅಂದ್ರೆ, ನಮ್ಮೂರಿನ ಅರ್ಧ ಕ್ರಿಕೆಟ್ ಚರ್ಚೆ ನಡೆಯೋದೇ ಕೈಯಲ್ಲಿ. ಗೌರಿಬಿದನೂರು ತಾಲ್ಲೂಕಿನ ಈ ಊರನ್ನ ಹರಳು ಸಾಣೆ ಹಿಡಿಯುವ ಊರು ಅಂತ ಕೆಲವರು ಕೇಳಿರಬಹುದು. ಇನ್ನೊಂದು ವಿಷಯ ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಕಿವಿ ಕೇಳದೆ ಹುಟ್ಟಿದವರು ಬೇರೆ ಊರುಗಳಿಗಿಂತ ಹೆಚ್ಚು. ಅವರ ನಡುವೆ ತಲೆಮಾರುಗಳಿಂದ ನಮ್ಮೂರಿನದೇ ಆದ ಒಂದು ಸನ್ನೆ ಭಾಷೆ ಬೆಳೆದಿದೆ. ಭಾಷಾಶಾಸ್ತ್ರ ಓದಿದವರು ಬಂದು ಅದನ್ನ ದಾಖಲೆ ಮಾಡಿಕೊಂಡೂ ಹೋಗಿದ್ದಾರೆ. ನಮಗೆ ಮಾತ್ರ ಅದು ಮನೆ ಭಾಷೆ, ಉರ್ದು, ಕನ್ನಡ, ತೆಲುಗಿನ ಜೊತೆ ನಾಲ್ಕನೆಯದು. ನಾನು ಅಕ್ಷರ ಕಲಿಯೋ ಮುಂಚೆ ಸನ್ನೆ ಕಲಿತೆ. ಕಾರಣ ನಮ್ಮ ಚಾಚಾ.

ಚಾಚಾ ಅಂದ್ರೆ ನಮ್ಮ ಅಬ್ಬಾನ ತಮ್ಮ. ಈಗ ಅರವತ್ತರ ಹತ್ತಿರ. ಹುಟ್ಟಿನಿಂದ ಕಿವಿ ಕೇಳೋದಿಲ್ಲ. ಮೂವತ್ತೈದು ವರ್ಷದಿಂದ ಹರಳಿಗೆ ಸಾಣೆ ಹಿಡಿದ ಕೈ ಅದು, ಬೆರಳ ತುದಿ ನುಣ್ಣಗೆ ಸವೆದುಹೋಗಿದೆ. ಅಬ್ಬಾಗೆ ಕ್ರಿಕೆಟ್ ಅಂದ್ರೆ ಕರೆಂಟ್ ಬಿಲ್. ಮನೆಯಲ್ಲಿ ಟಿವಿ ಮುಂದೆ ನನ್ನ ಜೊತೆ ಕೂತವರು ಚಾಚಾ ಒಬ್ಬರೇ. ಕಾಮೆಂಟರಿ ಬೇಕಿಲ್ಲದವರ ಜೊತೆ ಮ್ಯಾಚ್ ನೋಡಿದ್ದೀರಾ? ಒಂದ್ಸಲ ಸೌಂಡ್ ಪೂರ್ತಿ ತೆಗೆದು ನೋಡಿ. ಬೌಲರ್ ಭುಜ ಇಳಿದಿದೆಯಾ, ಬ್ಯಾಟ್ಸ್‌ಮನ್ ಕಾಲು ತಡವಾಗ್ತಿದೆಯಾ, ಕ್ಯಾಪ್ಟನ್ ಯಾರ ಕಡೆ ನೋಡ್ತಿದ್ದಾನೆ, ಎಲ್ಲಾ ಕಾಣೋಕೆ ಶುರುವಾಗುತ್ತೆ.

ಆಟಗಾರರಿಗೆಲ್ಲ ಚಾಚಾ ಮತ್ತು ಅವರ ದೋಸ್ತಿಗಳ ಬಳಗದಲ್ಲಿ ಒಂದೊಂದು ಸನ್ನೆ ಹೆಸರಿದೆ. ಕುಂಬ್ಳೆಗೆ ಗಲ್ಲದಿಂದ ನೆತ್ತಿಯವರೆಗೆ ಕೈ ಸುತ್ತಬೇಕು. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದ ಮೇಲೆ ಬ್ಯಾಂಡೇಜ್ ಕಟ್ಟಿಕೊಂಡು ಬಂದು ಲಾರಾನನ್ನ ಔಟ್ ಮಾಡಿದ್ರಲ್ಲ, ಅದು. ವೆಂಕಟೇಶ್ ಪ್ರಸಾದ್‌ಗೆ ಬೆರಳು ತೋರಿಸಿ 'ಅಲ್ಲಿ ಪೆವಿಲಿಯನ್, ನಡಿ' ಅನ್ನೋ ಸನ್ನೆ. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧದ ವಿಶ್ವಕಪ್ ಕ್ವಾರ್ಟರ್ ಫೈನಲ್ ಅದು. ಅಮೀರ್ ಸೊಹೇಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ್ರು, ಮುಂದಿನ ಎಸೆತಕ್ಕೇ ಪ್ರಸಾದ್ ಸ್ಟಂಪ್ ಹಾರಿಸಿದ್ರು. ಆಗ ನಾನು ತೊಟ್ಟಿಲ ಮಗು. ಆದ್ರೂ ಆ ಮ್ಯಾಚ್ ನನಗೆ ಪೂರ್ತಿ ಗೊತ್ತು, ಚಾಚಾ ಕೈಯಿಂದ.

ಈ ಸಲದ ಭಾನುವಾರವೂ ಟೀ ಅಂಗಡಿ ಮುಂದೆ ಅದೇ ಸಭೆ ಸೇರಿತ್ತು. ವಿಷಯ, ನಮ್ಮ ಟೀಮಿನ 2025ರ ಸೀಸನ್. ಆರು ತಿಂಗಳಾದ್ರೂ ಅದು ಮುಗಿಯೋ ವಿಷಯ ಅಲ್ಲ. ಹದಿನೆಂಟು ವರ್ಷ ಕಾದು ಸಿಕ್ಕಿದ ಕಪ್ ಅಲ್ವಾ?

"ಹೊರಗೆ ಏಳಕ್ಕೆ ಏಳು ಗೆದ್ವಲ್ಲ, ಲೀಗಲ್ಲಿ! ಇದುವರೆಗೂ ಯಾವ ಟೀಮೂ ಮಾಡಿರಲಿಲ್ಲ" ಅಂದ ಒಬ್ಬ ಹುಡುಗ.

"ಹೊರಗೆ ಗೆದ್ದೆ ಸರಿ, ಮನೇಲಿ?" ಅಂದ್ರು ಅಂಗಡಿಯವರು. ಅದೂ ನಿಜವೇ. ಚಿನ್ನಸ್ವಾಮಿಯಲ್ಲಿ ಮೊದಲ ಮೂರೂ ಮ್ಯಾಚ್ ಸೋತಿದ್ದೆವು. ಗುಜರಾತ್ ಬಂದು ಸೋಲಿಸ್ತು. ಡೆಲ್ಲಿಯವರು ಬಂದಾಗಂತೂ ನಮ್ಮ ಕೆ.ಎಲ್. ರಾಹುಲ್‌ನೇ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು 'ಇದು ನನ್ನ ಗ್ರೌಂಡು' ಅಂತ ತೋರಿಸಿದ. ಆಮೇಲೆ ಮಳೆಯಲ್ಲಿ ಹದಿನಾಲ್ಕು ಓವರ್‌ಗೆ ಇಳಿದ ಪಂಜಾಬ್ ಮ್ಯಾಚೂ ಹೋಯ್ತು. ರಾಜಸ್ಥಾನದ ಮೇಲೆ 11 ರನ್‌ಗೆ, ಚೆನ್ನೈ ಮೇಲೆ 2 ರನ್‌ಗೆ ಗೆದ್ದಾಗ ಜೀವ ಬಂತು. ಮೇ 17ರಂದು ಕೊಹ್ಲಿ ಟೆಸ್ಟ್ ನಿವೃತ್ತಿಗೆ ಗೌರವ ಅಂತ ಜನ ಬಿಳಿ ಜೆರ್ಸಿ ಹಾಕ್ಕೊಂಡು ಬಂದ್ರು, ಮಳೆ ಒಂದು ಬಾಲನ್ನೂ ಹಾಕಲು ಬಿಡಲಿಲ್ಲ.

"ಅದ್ಸರಿ, ನಮ್ಮ ಟೀಮ್ ನಮ್ಮ ಟೀಮ್ ಅಂತೀರಲ್ಲ, ಅದ್ರಲ್ಲಿ ನಮ್ಮೋರೆಷ್ಟು ಜನ?" ಇದು ನಮ್ಮೂರಿನ ಅತಿ ಹಿರಿಯ ಕ್ರಿಕೆಟ್ ಅಭಿಮಾನಿಯ ಪ್ರಶ್ನೆ. ಅವರಿಗೆ ಎಪ್ಪತ್ತು. ಅವರ ಪ್ರಶ್ನೆ ಪ್ರತಿ ವರ್ಷ ಇದೇ. "ಪಡಿಕ್ಕಲ್ ಒಬ್ಬ ಇದ್ದ, ಅವನಿಗೆ ಪೆಟ್ಟಾಯ್ತು, ಮಯಾಂಕ್ ಬಂದ. ರಾಹುಲ್ ಡೆಲ್ಲಿ. ಪ್ರಸಿದ್ಧ್ ಕೃಷ್ಣ ಗುಜರಾತ್, ಅಲ್ಲಿ ಇಪ್ಪತ್ತೈದು ವಿಕೆಟ್ ತೆಗ್ದು ಪರ್ಪಲ್ ಕ್ಯಾಪ್ ತಗೊಂಡ. ಜನವರಿಯಲ್ಲಿ ನಮ್ಮ ಕರ್ನಾಟಕ ವಿಜಯ್ ಹಜಾರೆ ಟ್ರೋಫಿ ಗೆದ್ದಿತು. ಫೈನಲ್ಲಲ್ಲಿ ಸ್ಮರಣ್ ಸೆಂಚುರಿ, ವಿದರ್ಭ ಮೇಲೆ 36 ರನ್ ಗೆಲುವು. ಯಾರಾದ್ರೂ ಒಂದು ಪಟಾಕಿ ಹಚ್ಚಿದ್ರಾ?"

ಯಾರೂ ಮಾತಾಡಲಿಲ್ಲ. ಹಚ್ಚಿರಲಿಲ್ಲವಲ್ಲ.

ಅವರ ನೆನಪಿನ ಸೀಸನ್ ಬೇರೆಯದೇ. 1974ರ ರಣಜಿ ಸೆಮಿಫೈನಲ್. ಸತತ ಹದಿನೈದು ವರ್ಷ ಟ್ರೋಫಿ ಗೆದ್ದಿದ್ದ ಬಾಂಬೆ ಟೀಮು ಬೆಂಗಳೂರಿಗೆ ಬಂದಿತ್ತು. ಕ್ರೀಡಾಂಗಣಕ್ಕೆ ಆಗ ಚಿನ್ನಸ್ವಾಮಿ ಅನ್ನೋ ಹೆಸರೂ ಇರಲಿಲ್ಲ, ಕಟ್ಟಡದ ಕೆಲಸ ಇನ್ನೂ ನಡೀತಾ ಇತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಪ್ರಸನ್ನ ಅವರು ಗವಾಸ್ಕರ್‌ರನ್ನ ಬೌಲ್ಡ್ ಮಾಡಿದ್ದು. ಇವರು ಆಗ ಹತ್ತೊಂಬತ್ತರ ಹುಡುಗ, ತೊಂಡೇಭಾವಿಯಲ್ಲಿ ರೈಲು ಹತ್ತಿ ಹೋಗಿದ್ದರಂತೆ. "ಸ್ಟಂಪ್ ಬಿದ್ದಿದ್ದು ನನಗೆ ಕಾಣಲಿಲ್ಲ. ಮುಂದೆ ಇದ್ದೋನು ಎದ್ದುಬಿಟ್ಟ. ಪ್ರಸನ್ನ ಕುಣಿದಿದ್ದು ನೋಡಿ ತಿಳ್ಕೊಂಡೆ" ಅಂತ ಪ್ರತಿ ಸಲ ಹೇಳ್ತಾರೆ. ಆ ವರ್ಷವೇ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿದ್ದು. ಅದೇ ನವೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆಯಿತು, ವೆಸ್ಟ್ ಇಂಡೀಸ್ ವಿರುದ್ಧ. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್.

ಗಮನಿಸಿ ನೋಡಿ, ಹಳೆಯ ಮೈದಾನದ ನೆನಪು ಹೇಳುವವರು ಸ್ಕೋರ್ ಹೇಳ್ತಾರೆ, ಆಮೇಲೆ ತಕ್ಷಣ ಹೋದ ದಾರಿ ಹೇಳ್ತಾರೆ. ಯಾವ ರೈಲು, ಜೊತೆಗೆ ಯಾರು, ಬುತ್ತಿಯಲ್ಲಿ ಏನಿತ್ತು, ವಾಪಸ್ ಬಂದಾಗ ಎಷ್ಟೊತ್ತು. ನನ್ನ ನೆನಪೂ ಹಾಗೇ ಇದೆ.

2011ರ ಫೆಬ್ರವರಿ 27. ನನಗೆ ಹದಿನಾರು ವರ್ಷ. ವಿಶ್ವಕಪ್, ಭಾರತ-ಇಂಗ್ಲೆಂಡ್. ಕೋಲ್ಕತ್ತದಲ್ಲಿ ನಡೆಯಬೇಕಿದ್ದ ಮ್ಯಾಚ್ ಬೆಂಗಳೂರಿಗೆ ಬಂದಿತ್ತು. ಟಿಕೆಟ್‌ಗೆ ಕ್ಯೂ ನಿಂತವರ ಮೇಲೆ ಲಾಠಿ ಬೀಸಿದ ಸುದ್ದಿ ಪೇಪರಲ್ಲಿ ಓದಿ ನಾನು ಆಸೆ ಬಿಟ್ಟಿದ್ದೆ. ಚಾಚಾ ಹರಳು ಕೊಡ್ತಿದ್ದ ಬೆಂಗಳೂರಿನ ವ್ಯಾಪಾರಿಯೊಬ್ಬರು ಎರಡು ಟಿಕೆಟ್ ಕೊಟ್ಟುಬಿಟ್ಟರು! ಅಮ್ಮಿ ಚಪಾತಿ, ಮೊಟ್ಟೆ ಪಲ್ಯ ಕಟ್ಟಿಕೊಟ್ಟರು. ಗೇಟಿನಲ್ಲಿ ಅದನ್ನ ಒಳಗೆ ಬಿಡಲಿಲ್ಲ, ರಸ್ತೆಯಲ್ಲೇ ನಿಂತು ಇಬ್ಬರೂ ತಿಂದ್ವಿ.

ಒಳಗೆ ಹೋಗೋ ಮುಂಚೆ ಚಾಚಾ ಎರಡು ನಿಯಮ ಹಾಕಿದರು. ಒಂದು, ಜನರ ನಡುವೆ ನಡೆಯುವಾಗ ನನ್ನ ಬೆಲ್ಟ್ ಹಿಡ್ಕೊಂಡಿರಬೇಕು. ಹದಿನಾರು ವರ್ಷದ ಹುಡುಗನಿಗೆ ಎಂಥ ಅವಮಾನ! ಇನ್ನೊಂದು, ಮೂರು ಓವರ್ ಉಳಿದಿರುವಾಗ ಎದ್ದುಬಿಡಬೇಕು. ಮೆಜೆಸ್ಟಿಕ್‌ನಿಂದ ಊರ ಕಡೆ ಹೋಗುವ ಕೊನೆಯ ಬಸ್ ಹಿಡಿಯಬೇಕು ಅಂತ ಅದಕ್ಕೆ ಕಾರಣ ಕೊಟ್ಟರು.

ಸಚಿನ್ 120 ಹೊಡೆದ ದಿನ ಅದು. ಸೆಂಚುರಿ ಆದಾಗ ಚಾಚಾ ಚಪ್ಪಲಿ ಬಿಟ್ಟು ಕಾಲು ಕಾಂಕ್ರೀಟಿನ ಮೇಲೆ ಊರಿ, ಒಂದು ಕೈ ಸೀಟಿನ ಮೇಲೆ, ಇನ್ನೊಂದು ಕೈ ಎದೆ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ್ರು. ಆಮೇಲೆ ನನಗೆ ಹೇಳಿದ್ರು, "ಟಿವಿಯಲ್ಲಿ ಇದು ಬರಲ್ಲ. ಇಲ್ಲಿ ಸದ್ದು ಕಾಲಿನಿಂದ ಹತ್ತುತ್ತೆ." ಕಿವಿ ಕೇಳದವರು ಸ್ಟೇಡಿಯಮ್‌ಗೆ ಯಾಕೆ ಹೋಗ್ತಾರೆ ಅಂತ ನನ್ನ ಆಫೀಸಿನಲ್ಲಿ ಒಬ್ಬರು ಕೇಳಿದ್ದರು. ಇದೇ ಉತ್ತರ ಕೊಟ್ಟೆ.

ಭಾರತ 338. ಇಂಗ್ಲೆಂಡಿನ ಸ್ಟ್ರಾಸ್ ಬೆನ್ನತ್ತಿ 158 ಹೊಡೆದ. ಎಲ್ಲಾ ಮುಗೀತು ಅನ್ನುವಾಗ ಜಹೀರ್ ಖಾನ್ ಒಂದರ ಹಿಂದೆ ಒಂದು ಎಸೆತದಲ್ಲಿ ಬೆಲ್, ಸ್ಟ್ರಾಸ್ ಇಬ್ಬರನ್ನೂ ಕಳಿಸಿದ. ಇಡೀ ಸ್ಟೇಡಿಯಮ್ ಎದ್ದು ನಿಂತಿತ್ತು. ಆಗ ಚಾಚಾನೂ ಎದ್ದರು, ಆದರೆ ಹೊರಡೋಕೆ. ಮೂರು ಓವರ್ ಉಳಿದಿತ್ತು. ನಾನು ಬೇಡಿಕೊಂಡೆ, ಅತ್ತೆ. ಸನ್ನೆಯಲ್ಲಿ ಒಂದು ಅನುಕೂಲ ಇದೆ, ಎದುರಿನವರು ಮುಖ ತಿರುಗಿಸಿಬಿಟ್ಟರೆ ವಾದ ಮುಗೀತು. ಅವರು ಮುಖ ತಿರುಗಿಸಿ ಮೆಟ್ಟಿಲು ಇಳಿದರು. ಬೆಲ್ಟ್ ಹಿಡಿದು ನಾನು ಹಿಂದೆ.

ಬಸ್ಸಿನಲ್ಲಿ ಡ್ರೈವರ್ ಹತ್ತಿರ ಯಾರದೋ ಮೊಬೈಲಲ್ಲಿ ಕಾಮೆಂಟರಿ ಬರ್ತಿತ್ತು. ಕೊನೆಯ ಓವರ್‌ಗೆ 14 ಬೇಕು. ಮುನಾಫ್ ಪಟೇಲ್ ಬೌಲಿಂಗ್. ಶಹಜಾದ್ ಅನ್ನೋ ಹೊಸ ಹುಡುಗ ಬಂದು ಎದುರಿಸಿದ ಮೊದಲ ಬಾಲಿಗೇ ಸಿಕ್ಸ್! ಕೊನೆ ಬಾಲಿಗೆ ಎರಡು ಬೇಕು, ಒಂದು ಬಂತು. ಟೈ. ಅಂಥ ಮ್ಯಾಚ್ ಜೀವಮಾನದಲ್ಲಿ ಒಂದು ಸಲ ಸಿಗೋದು, ಟಿಕೆಟ್ ಜೇಬಲ್ಲಿ ಇಟ್ಕೊಂಡು ನಾನು ಬಸ್ಸಲ್ಲಿದ್ದೆ. ಚಾಚಾ ಏನಾಯ್ತು ಅಂತ ಹುಬ್ಬು ಏರಿಸಿದರು. ಟೈಗೆ ಸನ್ನೆ ನನಗೆ ಗೊತ್ತಿರಲಿಲ್ಲ. ಎರಡು ತೋರು ಬೆರಳು ಪಕ್ಕಪಕ್ಕ ಹಿಡಿದು ಸಮ ಮಾಡಿ ತೋರಿಸಿದೆ. ಅವರು ಬಾಯಿ ತೆರೆದು ನಕ್ಕರು. ನಾನು ನಗಲಿಲ್ಲ. ಊರು ತಲುಪೋವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಆಮೇಲೆ ಎಷ್ಟೋ ವರ್ಷ ಗೆಳೆಯರ ಹತ್ತಿರ ಈ ಕತೆ ಹೇಳುವಾಗ "ನಮ್ಮ ಚಾಚಾಗೆ ಕ್ರಿಕೆಟ್ ಪ್ರೀತಿ ಇದೆ, ಕ್ರಿಕೆಟ್ ಬುದ್ಧಿ ಇಲ್ಲ" ಅಂತಾನೇ ಮುಗಿಸ್ತಿದ್ದೆ.

ಈಗ 2025ಕ್ಕೆ ಬರ್ತೀನಿ. ಈ ಅಂಕಣ ಬರೆಯೋಕೆ ಕೂತದ್ದೇ ಇದಕ್ಕಾಗಿ.

ಜೂನ್ 3, ಮಂಗಳವಾರ ರಾತ್ರಿ. ಅಹಮದಾಬಾದಿನಲ್ಲಿ ಫೈನಲ್. ನಾನು ಬೆಂಗಳೂರಿನ ರೂಮಿನಲ್ಲಿ, ಚಾಚಾ ಊರಲ್ಲಿ. ವಿಡಿಯೋ ಕಾಲ್ ಬಂದಮೇಲೆ ನಮ್ಮಿಬ್ಬರಿಗೂ ಮ್ಯಾಚ್ ದೂರ ಆಗಿಲ್ಲ. ಫೋನನ್ನ ನೀರಿನ ಬಾಟಲಿಗೆ ಒರಗಿಸಿ ಇಟ್ಕೊಂಡು ಇಬ್ಬರೂ ಕೈ ಆಡಿಸ್ತಾ ನೋಡಿದ್ವಿ. ನಮ್ಮದು 190. ಪಂಜಾಬ್ ಬೆನ್ನತ್ತಿತು. ಕೃಣಾಲ್ ಪಾಂಡ್ಯ ನಾಲ್ಕು ಓವರ್‌ನಲ್ಲಿ ಬರೀ 17 ಕೊಟ್ಟು ಎರಡು ವಿಕೆಟ್ ತೆಗೆದ. ಕೊನೆಯಲ್ಲಿ ಶಶಾಂಕ್ ಸಿಂಗ್ ಸಿಕ್ಸ್ ಮೇಲೆ ಸಿಕ್ಸ್ ಹೊಡೆದ್ರೂ 6 ರನ್‌ಗೆ ಗೆದ್ದುಬಿಟ್ವಿ. ಮುಗಿಯೋ ಮುಂಚೆಯೇ ಕೊಹ್ಲಿ ಕಣ್ಣಲ್ಲಿ ನೀರು. ಚಾಚಾ ಕಣ್ಣಲ್ಲೂ. ಅವರ ಪಕ್ಕ ನನ್ನ ಅಕ್ಕನ ಮಗ, ಹನ್ನೆರಡು ವರ್ಷ, ಹಾಸಿಗೆ ಮೇಲೆ ಕುಣೀತಿದ್ದ.

ಬೆಳಗ್ಗೆ ಎದ್ದಾಗ ಫೋನ್ ತುಂಬಾ ಒಂದೇ ಸುದ್ದಿ. ಟೀಮ್ ಬೆಂಗಳೂರಿಗೆ ಬರುತ್ತೆ, ಸಂಜೆ ವಿಧಾನಸೌಧದಿಂದ ಚಿನ್ನಸ್ವಾಮಿಯವರೆಗೆ ಮೆರವಣಿಗೆ. ನಾನು ಒಂದು ಕ್ಷಣವೂ ಯೋಚಿಸದೆ ಅದನ್ನ ಅಕ್ಕನ ಮಗನ ಕೈಲಿರೋ ಫೋನಿಗೆ ಕಳಿಸಿದೆ. "ನಾನಾನ ಕರ್ಕೊಂಡು ಬಾ. ಮಧ್ಯಾಹ್ನ 3ಕ್ಕೆ ಕಬ್ಬನ್ ಪಾರ್ಕ್ ಮೆಟ್ರೋ ಹತ್ರ ಸಿಗ್ತೀನಿ." 2011ರ ಸಾಲ ತೀರಿಸೋ ಹುಮ್ಮಸ್ಸು. ಈ ಸಲ ಕೊನೆವರೆಗೂ ಇರೋಣ, ಕೊನೆ ಬಸ್ ಹೋದ್ರೆ ನನ್ನ ರೂಮಿದೆ. ಹುಡುಗ ಸ್ಕೂಲಿಗೆ ಚಕ್ಕರ್ ಹಾಕಿ, ಚಾಚಾನ ಹೊರಡಿಸಿಕೊಂಡು ರೈಲು ಹತ್ತಿಯೇಬಿಟ್ಟ.

ಆಮೇಲೆ ಮೆರವಣಿಗೆ ಇಲ್ಲ ಅಂದ್ರು, ಇದೆ ಅಂದ್ರು, ಸ್ಟೇಡಿಯಮ್ ಒಳಗೆ ಮಾತ್ರ ಅಂದ್ರು, ಉಚಿತ ಪಾಸ್ ಅಂದ್ರು. ನಾನು ಇದ್ಯಾವುದನ್ನೂ ಸರಿಯಾಗಿ ಓದಲಿಲ್ಲ. ಆಫೀಸಿನಲ್ಲಿ ಹಿಂದಿನ ದಿನ ಹಾಕಿದ್ದ ಹೊಸ ಕೋಡ್‌ನಲ್ಲಿ ಏನೋ ತೊಂದರೆ, ನಾನೇ ಕೂರಬೇಕಿತ್ತು. ಮೂರು ಗಂಟೆಗೆ ಹೊರಡೋಕಾಗಲಿಲ್ಲ. ಮೂರೂ ಹತ್ತಕ್ಕೆ ಹುಡುಗನಿಗೆ ಮೆಸೇಜ್ ಹಾಕಿದೆ. "ಲೇಟಾಗುತ್ತೆ. ನೀವು ಗೇಟ್ ಹತ್ರ ಹೋಗಿರಿ. ನಾನು ಅಲ್ಲಿಗೇ ಬರ್ತೀನಿ."

ಆ ಸಾಲನ್ನ ನಾನು ಇವತ್ತಿಗೂ ಅಳಿಸಿಲ್ಲ.

ಐದು ಗಂಟೆ ಹೊತ್ತಿಗೆ ಪಕ್ಕದ ಟೇಬಲ್‌ನವರು ಟಿವಿ ಹಾಕಿದ್ರು. ಮುಂದಿನದು ನಿಮಗೆಲ್ಲ ಗೊತ್ತು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಎರಡು ಮೂರು ಲಕ್ಷ ಜನ ಬಂದಿದ್ದರು ಅಂತ ಆಮೇಲೆ ಸರ್ಕಾರವೇ ಹೇಳಿತು. ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು. ನಮ್ಮ ಜಿಲ್ಲೆಯ ಚಿಂತಾಮಣಿ ಕಡೆಯ ಹುಡುಗನೂ ಅದರಲ್ಲಿದ್ದ.

ನಾನು ಫೋನ್ ಮಾಡ್ತಾನೇ ಇದ್ದೆ. ಹೋಗ್ತಾ ಇಲ್ಲ. ವಿಡಿಯೋ ಕಾಲ್ ಇಲ್ಲ. ಮೆಸೇಜಿಗೆ ಒಂದೇ ಟಿಕ್. ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ಮೆಟ್ರೋ ನಿಲ್ತಿಲ್ಲ ಅಂತ ಸುದ್ದಿ. ಕಿವಿ ಕೇಳದ ಒಬ್ಬ ಮುದುಕ, ಹನ್ನೆರಡರ ಒಬ್ಬ ಹುಡುಗ. ಹಿಂದಿನಿಂದ ಯಾರಾದ್ರೂ 'ಬಿದ್ದರು, ನಿಲ್ಲಿ' ಅಂತ ಕೂಗಿದ್ರೆ ಚಾಚಾಗೆ ಹೇಗೆ ಗೊತ್ತಾಗಬೇಕು? ಊರಿಂದ ಅಕ್ಕ ಫೋನ್ ಮಾಡಿ "ನಿನ್ ಜೊತೇಲೇ ಇದ್ದಾರೆ ಅಲ್ವಾ?" ಅಂತ ಕೇಳಿದಳು. ಹೂಂ ಅಂದುಬಿಟ್ಟೆ. ಅಂಥ ಸುಳ್ಳು ಅದಕ್ಕೆ ಮುಂಚೆ ಹೇಳಿರಲಿಲ್ಲ. ಬೈಕ್ ತಗೊಂಡು ಹೊರಟವನು ಟ್ರಾಫಿಕ್‌ನಲ್ಲಿ ಸಿಕ್ಕಿ, ಹಲಸೂರಿನ ಹತ್ತಿರ ಬದಿಗೆ ನಿಲ್ಲಿಸಿ ನಿಂತುಬಿಟ್ಟೆ. ಯಾವ ಆಸ್ಪತ್ರೆಗೆ ಹೋಗಿ ಕೇಳಬೇಕು, ಯಾವ ಗುರುತು ಹೇಳಬೇಕು ಅಂತ ಯೋಚಿಸ್ತಿದ್ದೆ.

ಏಳೂವರೆ ದಾಟಿದ ಮೇಲೆ ಒಂದು ಫೋಟೋ ಬಂತು. ದೊಡ್ಡಬಳ್ಳಾಪುರ ಬಸ್ ನಿಲ್ದಾಣ. ಚಾಚಾ ಬನ್ ತಿಂತಾ ಇದ್ದಾರೆ. ಹುಡುಗನ ಮುಖ ಊದಿಕೊಂಡಿದೆ, ಅತ್ತು ಅತ್ತು. ಕೆಳಗೆ ಅವನ ಮೆಸೇಜ್. "ಮಾಮೂ, ನಾನಾ ಒಳಗೆ ಹೋಗೋಕೇ ಬಿಡಲಿಲ್ಲ. ನೀವು ಗೇಟ್ ಹತ್ರ ಹೋಗಿ ಅಂದಿದ್ದು ತೋರಿಸಿದೆ. ಆದ್ರೂ ವಾಪಸ್ ಕರ್ಕೊಂಡು ಬಂದ್ರು. ಅವರಿಗೆ ಕ್ರಿಕೆಟ್ ಅರ್ಥಾನೇ ಆಗಲ್ಲ."

ನಾನು ರಸ್ತೆ ಬದಿಯಲ್ಲಿ ಕೂತು ಅತ್ತೆ. ಯಾರೋ ಬಂದು ನೀರು ಕೊಟ್ಟರು.

ಎರಡು ದಿನ ಬಿಟ್ಟು ಬಕ್ರೀದ್‌ಗೆ ಊರಿಗೆ ಹೋದಾಗ ಚಾಚಾನ ಕೇಳಿದೆ, ಯಾಕೆ ತಿರುಗಿದ್ರಿ, ಹೇಗೆ ಗೊತ್ತಾಯ್ತು ಅಂತ. ಅವರು ಎರಡು ಅಂಗೈ ಎದುರಿಗೆ ಹಿಡಿದರು. ಮುಂದಿನ ಕೈಯನ್ನ ಗೋಡೆ ಥರ ನಿಲ್ಲಿಸಿದರು. ಹಿಂದಿನ ಕೈ ಬೆರಳು ಆಡಿಸ್ತಾ ಮುಂದೆ ಮುಂದೆ ಬರ್ತಾನೇ ಇತ್ತು. ಅಷ್ಟೇ. ಮುಂದಿನವರು ನಿಂತುಬಿಟ್ಟಿದ್ದಾರೆ, ಹಿಂದಿನವರು ಬರ್ತಾನೇ ಇದ್ದಾರೆ. ಮೆಟ್ರೋ ಮೆಟ್ಟಿಲು ಹತ್ತಿ ಹೊರಗೆ ಬಂದ ಕೂಡಲೇ ಅವರಿಗೆ ಇದು ಕಂಡಿತ್ತು. ಹುಡುಗನ ಕೈ ಅವರ ಬೆಲ್ಟಿನಲ್ಲಿತ್ತು. ತಿರುಗಿದರು.

ನಾನು ಎಂಜಿನಿಯರಿಂಗ್ ಓದಿ ಎಂಟು ವರ್ಷದಿಂದ ಮಾಡೋ ಕೆಲಸ ಏನು ಗೊತ್ತಾ? ಆನ್‌ಲೈನ್‌ನಲ್ಲಿ ಒಂದೇ ಸಲ ಲಕ್ಷಾಂತರ ಜನ ಬಂದು ಗುಂಡಿ ಒತ್ತಿದ್ರೆ ವ್ಯವಸ್ಥೆ ಬೀಳದ ಹಾಗೆ ನೋಡ್ಕೊಳ್ಳೋದು. ಅದರ ಮೊದಲ ಪಾಠವೇ ಚಾಚಾನ ಆ ಎರಡು ಕೈ. ಬಾಗಿಲಿನಿಂದ ಒಂದು ನಿಮಿಷಕ್ಕೆ ಒಳಗೆ ಹೋಗೋರಿಗಿಂತ ಹಿಂದೆ ಬಂದು ಸೇರೋರು ಹೆಚ್ಚಾದ್ರೆ ಸಾಲು ಬೆಳೆಯುತ್ತೆ, ಒತ್ತಡ ಮುಂದಿನವರ ಮೇಲೆ ಬೀಳುತ್ತೆ. ಮುಂದೆ ಏನಾಗಿದೆ ಅಂತ ಹಿಂದಿನವರಿಗೆ ತಿಳಿಯೋದಿಲ್ಲ. ಅದಕ್ಕೇ ನಾವು ದೂರದಲ್ಲೇ ತಡೆದು 'ಸ್ವಲ್ಪ ಕಾಯಿರಿ' ಅಂತ ಹೇಳ್ತೀವಿ. ಬಾಗಿಲ ಹತ್ತಿರ ಬಂದಮೇಲೆ ತಡೆದರೆ ಆಗಲೇ ತಡವಾಗಿರುತ್ತೆ. ಕಂಪ್ಯೂಟರಿನ ಸಾಲಿಗೆ ಇಷ್ಟು ಎಚ್ಚರ ವಹಿಸೋ ನಾನು, ಮನುಷ್ಯರ ಸಾಲಿಗೆ ನನ್ನವರನ್ನ 'ಗೇಟ್ ಹತ್ರ ಹೋಗಿರಿ' ಅಂತ ಕಳಿಸಿದ್ದೆ. ಎಷ್ಟು ಜನ ಬರ್ತಾರೆ, ಎಷ್ಟು ಗೇಟು, ಪಾಸ್ ಬೇಕಾ ಬೇಡವಾ, ಒಂದೂ ಕೇಳದೆ.

ಇನ್ನೊಂದು ಮಾತು ಚಾಚಾ ಹೇಳಿದ್ದು. "ನಿಮಗೆಲ್ಲ ಸದ್ದು ಕೇಳುತ್ತೆ. ಸದ್ದು ಕೇಳಿದ್ರೆ ಹಬ್ಬ ಅಂದ್ಕೊಳ್ತೀರಿ. ನನಗೆ ಮುಖ ಕಾಣುತ್ತೆ." ಇದನ್ನ ನಾನು ಬಹಳ ಯೋಚಿಸಿದೀನಿ. ಸಂತೋಷದ ಕೂಗೂ ಉಸಿರು ಕಟ್ಟಿದವರ ಕೂಗೂ ದೂರದಿಂದ ಒಂದೇ ಥರ ಕೇಳುತ್ತೆ. ಹೊರಗೆ ಜನ ಬಿದ್ದಿರುವಾಗ ಒಳಗೆ ಕಾರ್ಯಕ್ರಮ ನಡೀತಾ ಇತ್ತಲ್ಲ.

ಆ ಮೇಲಿನದು ಪೇಪರಿನಲ್ಲಿ ಓದಿದ್ದೀರಿ. ಸರ್ಕಾರ ನ್ಯಾಯಮೂರ್ತಿ ಮೈಕಲ್ ಕುನ್ಹಾ ಅವರ ಆಯೋಗ ಮಾಡಿತು. ದೊಡ್ಡ ಜನಸಂದಣಿಯ ಕಾರ್ಯಕ್ರಮಗಳಿಗೆ ಈ ಕ್ರೀಡಾಂಗಣ ಈಗಿರುವ ಹಾಗೆ ಸುರಕ್ಷಿತವಲ್ಲ ಅಂತ ಆಯೋಗ ಹೇಳಿತು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯ್ತು. ಮಹಿಳಾ ವಿಶ್ವಕಪ್‌ನ ಬೆಂಗಳೂರು ಪಂದ್ಯಗಳೂ ಬೇರೆ ಊರಿಗೆ ಹೋದವು. ಅಕ್ಟೋಬರ್ 30ರಂದು ಆಸ್ಟ್ರೇಲಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಜೆಮಿಮಾ ರಾಡ್ರಿಗಸ್ 127 ಹೊಡೆದು ಗೆಲ್ಲಿಸಿದಳಲ್ಲ, ಆ ಮ್ಯಾಚ್ ಮೊದಲಿನ ಪಟ್ಟಿಯ ಪ್ರಕಾರ ನಮ್ಮ ಚಿನ್ನಸ್ವಾಮಿಯಲ್ಲಿ ನಡೆಯಬೇಕಿತ್ತು. ನವಿ ಮುಂಬೈನಲ್ಲಿ ನಡೆಯಿತು. ಟಿವಿಯಲ್ಲಿ ನೋಡ್ತಾ ಟೀ ಅಂಗಡಿಯವರು "ಇದು ನಮ್ಮ ಗ್ರೌಂಡಲ್ಲಿ ಆಗಬೇಕಿತ್ತು" ಅಂದ್ರು. ಯಾರೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಈ ಭಾನುವಾರವೂ ಮಾತು ಕೊನೆಗೆ ಅಲ್ಲಿಗೇ ಬಂತು. ಮುಂದಿನ ಸೀಸನ್‌ಗೆ ಮ್ಯಾಚ್ ಚಿನ್ನಸ್ವಾಮಿಗೆ ವಾಪಸ್ ಬರುತ್ತಾ? ಬಂದ್ರೆ ಹೋಗೋದಾ?

"ಹೋಗೋದೇ!" ಅಂದ ಹುಡುಗರೇ ಹೆಚ್ಚು. ಎಪ್ಪತ್ತರ ಹಿರಿಯರು ಮಾತ್ರ ಗ್ಲಾಸ್ ಕೆಳಗಿಟ್ಟು, "ನಾನು ಎಪ್ಪತ್ನಾಲ್ಕರಲ್ಲಿ ಹೋಗುವಾಗ ಗೋಡೆ ಮೇಲೆಲ್ಲ ಜನ ಕೂತಿದ್ರು. ಆಗ್ಲೂ ಬೀಳಬಹುದಿತ್ತು. ಬೀಳಲಿಲ್ಲ ಅಷ್ಟೇ. ಅದನ್ನೇ ಐವತ್ತು ವರ್ಷದಿಂದ ಒಳ್ಳೆ ನೆನಪು ಅಂತ ಹೇಳ್ಕೊಂಡು ಬಂದಿದೀನಿ" ಅಂದ್ರು. ಅಂಗಡಿ ಒಂದು ಕ್ಷಣ ಸುಮ್ಮನಾಯ್ತು. ಅವರ ಮಾತನ್ನ ನಾನು ಚಾಚಾಗೆ ಸನ್ನೆ ಮಾಡಿ ಹೇಳಿದೆ. ಚಾಚಾ ತಲೆ ಆಡಿಸಿದರು.

ನನಗೆ ಅನ್ನಿಸಿದ್ದು ಇಷ್ಟು. ಅಭಿಮಾನ ಅಂದ್ರೆ ಕೊನೆಯ ಬಾಲ್‌ವರೆಗೂ ಇರೋದು ಅಂತ ನಾನು ಮೂವತ್ತು ವರ್ಷ ನಂಬಿದ್ದೆ. ಚಾಚಾ ಹದಿನಾಲ್ಕು ವರ್ಷದ ಹಿಂದೆ ಟೈ ಮ್ಯಾಚ್ ಬಿಟ್ಟು ಎದ್ದದ್ದು ಬಸ್ಸಿಗಾಗಿ ಅಲ್ಲ ಅಂತ ಈಗ ಗೊತ್ತಾಗಿದೆ. ಕೇಳಿದೆ, ಒಪ್ಪಿಕೊಂಡರು. ಮ್ಯಾಚ್ ಮುಗಿದಾಗ ನಲವತ್ತು ಸಾವಿರ ಜನ ಒಂದೇ ಸಲ ಬಾಗಿಲಿಗೆ ಬರ್ತಾರೆ. ಆಗ ಹಿಂದಿನಿಂದ ನಾನು ಕೂಗಿದ್ರೆ ಅವರಿಗೆ ಕೇಳಿಸಲ್ಲ. ಅಮ್ಮಿಗೆ ಅವರು ಮಾತು ಕೊಟ್ಟಿದ್ದರು, ಹುಡುಗನ್ನ ಹೇಗೆ ಕರ್ಕೊಂಡು ಹೋಗ್ತೀನೋ ಹಾಗೇ ತರ್ತೀನಿ ಅಂತ. ಅವರಿಗೂ ಆ ಮ್ಯಾಚ್ ಕೊನೆವರೆಗೂ ನೋಡೋ ಆಸೆ ಇತ್ತು. ಅದನ್ನ ಇಷ್ಟು ವರ್ಷ ನನಗೆ ಹೇಳಿರಲೇ ಇಲ್ಲ. ನಾನು ಕೇಳಿರಲೂ ಇಲ್ಲ.

ಮ್ಯಾಚ್‌ಗೆ ಹೋಗಬೇಡಿ ಅಂತ ಬರೀತಿಲ್ಲ. ನಾನೂ ಹೋಗ್ತೀನಿ. ಆದ್ರೆ ಮಕ್ಕಳನ್ನ, ವಯಸ್ಸಾದವರನ್ನ ಕರ್ಕೊಂಡು ಹೋಗುವಾಗ ಒಂದಿಷ್ಟು ಮನೆಯಲ್ಲೇ ಮಾತಾಡಿಕೊಳ್ಳಿ. ಟಿಕೆಟ್ ಕೈಯಲ್ಲಿ ಇಲ್ಲದೆ ಗೇಟಿನ ಕಡೆ ಹೋಗೋದು ಬೇಡ. ಬೇರೆಯಾದ್ರೆ ಎಲ್ಲಿ ಸೇರಬೇಕು ಅಂತ ಗೇಟಿಂದ ದೂರದ ಜಾಗ ಗೊತ್ತು ಮಾಡಿ, ಫೋನ್ ನಂಬಬೇಡಿ. ಮುಂದಿನವರು ನಿಂತು ಹಿಂದಿನವರು ಬರ್ತಾನೇ ಇದ್ದರೆ, ಯಾರು ಏನೇ ಅನ್ನಲಿ, ತಿರುಗಿಬಿಡಿ. ಫಾರ್ವರ್ಡ್ ಮಾಡೋ ಮುಂಚೆ ನನ್ನ ನೆನಪು ಮಾಡ್ಕೊಳ್ಳಿ. ಟೀಮ್ ನಡೆಸೋರು, ಕ್ರೀಡಾಂಗಣ ನಡೆಸೋರು, ಸರ್ಕಾರ ಮಾಡಬೇಕಾದ್ದು ಬೇಕಾದಷ್ಟಿದೆ. ಅದನ್ನ ಅವರು ಮಾಡಲೇಬೇಕು. ಆದ್ರೆ ಕೈ ಹಿಡಿದು ಕರ್ಕೊಂಡು ಹೋದವರ ಕೆಲಸ ಅವರು ಮಾಡಿಕೊಡೋಕಾಗಲ್ಲ.

ಅಕ್ಕನ ಮಗ ಆರು ತಿಂಗಳಿಂದ ನಾನಾ ಮೇಲೆ ಮುನಿಸಿಕೊಂಡೇ ಇದ್ದ. ಎಷ್ಟು ದೊಡ್ಡ ಅನಾಹುತದಿಂದ ಪಾರಾದೆ ಅಂತ ಗೊತ್ತಿದ್ರೂ ಹನ್ನೆರಡರ ವಯಸ್ಸು ಹಾಗೇ. ಭಾನುವಾರ ಟೀ ಅಂಗಡಿಯಿಂದ ವಾಪಸ್ ಬರುವಾಗ ಅವನಿಗೆ ಮೊದಲ ಸಲ 2011ರ ಕತೆ ಪೂರ್ತಿ ಹೇಳಿದೆ, ನಾನು ಬಸ್ಸಲ್ಲಿ ಮುಖ ತಿರುಗಿಸಿ ಕೂತಿದ್ದೂ ಸೇರಿಸಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಓಡಿ ಮುಂದೆ ಹೋಗಿ, ನಡೀತಿದ್ದ ನಾನಾ ಎದುರಿಗೆ ನಿಂತು ಕೈಯಾಡಿಸಿ ಕೇಳಿದ. "ಮುಂದಿನ ಸಲ ಕರ್ಕೊಂಡು ಹೋಗ್ತೀರಾ?"

ಚಾಚಾ ಮೂರು ಬೆರಳು ಎತ್ತಿ ತೋರಿಸಿದರು. ಮೂರು ಓವರ್ ಮುಂಚೆ.

ಹುಡುಗ ಎರಡು ಬೆರಳು ತೋರಿಸಿದ. ಚೌಕಾಸಿ ಇನ್ನೂ ನಡೀತಾ ಇದೆ.

ನಿಮ್ಮನ್ನ ಮೊದಲ ಸಲ ಮ್ಯಾಚ್‌ಗೆ ಕರ್ಕೊಂಡು ಹೋದವರು ಯಾರು? ಅಪ್ಪನಾ, ಮಾವನಾ, ಪಕ್ಕದ ಮನೆ ಅಣ್ಣನಾ? ಅವರು ಈಗಲೂ ಇದ್ದರೆ ಇವತ್ತೊಂದು ಫೋನ್ ಮಾಡಿ. ಸ್ಕೋರ್ ಎಷ್ಟಿತ್ತು ಅನ್ನೋದು ಬಿಡಿ, ವಾಪಸ್ ಹೇಗೆ ಬಂದ್ವಿ ಅಂತ ಕೇಳಿ ನೋಡಿ.